61 ದಿನಗಳ ಒಣಮೀನು

ಜೂನ್ 1ರಂದು ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ನಿಂತ ಮೇಲೆ, ಇನ್ನು ಸಾರಿಗೆ ಏನು ಮಾಡುವುದೆಂದು ಕೇಳುವ ಸೊಸೆಯಂದಿರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ಕರಾವಳಿಯಲ್ಲಿ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳೂ 10 ಅಶ್ವಶಕ್ತಿಗಿಂತ ದೊಡ್ಡ ಎಂಜಿನ್ನಿನ ದೋಣಿಗಳೂ ಕಡಲಿಗೆ ಇಳಿಯುವಂತಿಲ್ಲ ಎಂಬುದು ನಿನ್ನೆ ಮೊನ್ನೆ ಬಂದ ಸುದ್ದಿಯಲ್ಲ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲವದು, ಕಡಲೂ ಒರಟಾಗಿರುತ್ತದೆ. ನಿಷೇಧದ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಬೋಟಿಗೆ ಹೋಗುವವರ ಮನೆಯಲ್ಲಿ ಸಂಪಾದನೆ ನಿಂತ ದಿನವೇ, ದುಡಿದವನ ಕೈಚೀಲದಲ್ಲಿ ಬರುತ್ತಿದ್ದ ಸಾರಿನ ಮೀನೂ ನಿಲ್ಲುತ್ತದೆ. ಬುಟ್ಟಿ ಹೊತ್ತು ಮಾರುವ ಹೆಂಗಸಿನದೂ ಬಂದರಿನಲ್ಲಿ ಮೀನು ಆರಿಸುವವಳದೂ ಅದೇ ಪಾಡು. ನಿಷೇಧದ ತಿಂಗಳುಗಳಿಗೆಂದು ಮೀನುಗಾರರಿಗೆ ಸರಕಾರ ಕೊಡುವ ಉಳಿತಾಯ-ಪರಿಹಾರ ಯೋಜನೆಯ ಹಣ ಬಂದಾಗ ಬರಲಿ. ಅಲ್ಲಿಯವರೆಗೆ ಅಂಗಡಿಯ ಸಾಲದ ಪುಸ್ತಕ ತುಂಬುತ್ತಿರುವಾಗ ಮಕ್ಕಳ ಗಂಜಿಯ ಬದಿಗೆ ಉಪ್ಪಿನಕಾಯಿಯೊಂದನ್ನೇ ಇಟ್ಟರೆ ಅವರ ಮೈಗೆ ಏನು ಹತ್ತುತ್ತದೆ?

ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುತ್ತದೆ, ಅಲ್ಲಿಂದ ಲಾರಿಯಲ್ಲಿ ಮೀನು ಬರುತ್ತದೆ, ಕೊಂಡರಾಯಿತು ಎಂದು ನನ್ನ ಮೊಮ್ಮಗ ವಾದಿಸುತ್ತಾನೆ. ಬರುವುದು ನಿಜ, ನಿಷೇಧಕ್ಕೆ ಸೇರದ ನಾಡದೋಣಿಯವರೂ ಕಡಲು ಬಿಟ್ಟುಕೊಟ್ಟ ದಿನ ಒಂದಿಷ್ಟು ತರುತ್ತಾರೆ. ಆದರೆ ಕೈಯಲ್ಲಿ ಕಾಸಿಲ್ಲದ ತಿಂಗಳಲ್ಲೇ ಅದಕ್ಕೆ ದುಬಾರಿ ಬೆಲೆ. ಫ್ರಿಜ್ಜಿನಲ್ಲಿ ತುಂಬಿಡುತ್ತೇನೆ ಎಂದ ಸೊಸೆಯ ಬುದ್ಧಿವಂತಿಕೆ ಒಂದು ಗಾಳಿಮಳೆಗೆ, ಕರೆಂಟು ಹೋದ ಮೂರನೆಯ ದಿನ, ತೆಂಗಿನ ಬುಡ ಸೇರಿತು.

ಅದಕ್ಕೇ ಬೋಟು ನಿಲ್ಲುವ ಮುಂಚೆ ಮೀನು ಒಣಗಿಸಿಡಬೇಕು. ಅದನ್ನೂ ಮೇ ಕೊನೆಗೆ ಬರುವ ಪತ್ತನಾಜೆಯ, ಅಂದರೆ ತುಳುವರ ಬೇಸ ತಿಂಗಳ ಹತ್ತನೆಯ ದಿನದ, ಒಳಗೆ ಮುಗಿಸಬೇಕು; ಆಮೇಲಿನ ಬಿಸಿಲನ್ನು ನಂಬುವಂತಿಲ್ಲ. ಚಪ್ಪಟೆ ನಂಗು ಮೀನು, ಸಿಗಡಿಯಂಥ ಜಿಡ್ಡಿಲ್ಲದವು ಚೆನ್ನಾಗಿ ಬಾಳುತ್ತವೆ. ಬೂತಾಯಿ ಮೀನು ಅಗ್ಗವಾಯಿತೆಂದು ಬುಟ್ಟಿಗಟ್ಟಲೆ ಒಣಗಿಸಬೇಡಿ, ಅದರ ಎಣ್ಣೆ ಬೇಗ ಕಮಟುತ್ತದೆ. ಬಂಗುಡೆಗೆ ಉಪ್ಪು ಹಾಕುವುದಿದ್ದರೆ ತಾಜಾ ಇರುವಾಗಲೇ ಹಾಕಿ. ಮೆತ್ತಗಾದದ್ದಕ್ಕೆ ಉಪ್ಪು ಬಳಿದು ಒಣಗಿಸಿದರೆ ತಿಂದವರು ಮೈ ತುರಿಸಿಕೊಳ್ಳುತ್ತ ಕೂರಬೇಕಾಗುತ್ತದೆ. ಉಪ್ಪಿನ ಅಳತೆ ಕೇಳಬೇಡಿ. ಹರಳುಪ್ಪು ಮೀನಿನ ಮೈಯನ್ನು ಮುಚ್ಚುವಷ್ಟಿರಲಿ, ಕಿವಿರಿನ ಒಳಗೂ ಒಂದು ಚಿಟಿಕೆ ಹೋಗಲಿ. ರಾತ್ರಿಯಿಡೀ ಕಲ್ಲು ಹೇರಿಟ್ಟು, ಬೆಳಿಗ್ಗೆ ಅದೇ ಬಿಟ್ಟ ಉಪ್ಪುನೀರಿನಲ್ಲಿ ಅಲುಬಿ ಬಿಸಿಲಿಗೆ ಹಾಕಬೇಕೇ ಹೊರತು ನಲ್ಲಿಯ ಕೆಳಗೆ ತೊಳೆಯಬಾರದು. ಮರಳಿನ ಮೇಲೆ ಹರಡುವವರಿಗೆ ನಾನು ಏನೂ ಹೇಳುವುದಿಲ್ಲ, ಅವರ ಹಲ್ಲು ಅವರದು. ನಾಲ್ಕು ಗೂಟ ನೆಟ್ಟು ಹಳೆಯ ಬಲೆ ಬಿಗಿದರೆ ಕೆಳಗಿನಿಂದಲೂ ಗಾಳಿಯಾಡುತ್ತದೆ.

ಎಲ್ಲರೂ ಎಡವುವುದು ಇದರ ಮುಂದಿನ ಹಂತದಲ್ಲಿ. ಎರಡು ದಿನದ ಬಿಸಿಲಿಗೆ ಮೀನಿನ ಹೊರಮೈ ಗಟ್ಟಿಯಾಗುತ್ತದೆ, ತಟ್ಟಿದರೆ ಟಕ್ಕೆನ್ನುತ್ತದೆ, ಒಣಗಿತೆಂದು ಡಬ್ಬಿಗೆ ತುಂಬುತ್ತಾರೆ. ಒಳಗಿನ ನೀರು ಒಳಗೇ ಉಳಿದು ಜೂನಿನ ಮೃಗಶಿರಾ ಮಳೆ ಮುಗಿಯುವಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ. ನನ್ನ ಅತ್ತೆ ಮೂರನೆಯ ದಿನ ಮೀನನ್ನು ಬಿಸಿಲಿಗೇ ಹಾಕುತ್ತಿರಲಿಲ್ಲ. ಎರಡನೆಯ ಸಂಜೆ ಇಬ್ಬನಿ ಬೀಳುವ ಮುಂಚೆ ಒಳಗೆ ತಂದು, ಅದು ಆರಿದ ಮೇಲೆ ಚಾಪೆಯ ಮೇಲೆ ಒಂದರ ತಲೆ ಇನ್ನೊಂದರ ಬಾಲಕ್ಕೆ ಬರುವಂತೆ ಸಂದಿಲ್ಲದೆ ಪೇರಿಸಿ, ಒಗೆದು ಒಣಗಿಸಿದ ಗೋಣಿಚೀಲ ಹೊದಿಸಿ, ಹಲಗೆಯಿಟ್ಟು, ಅದರ ಮೇಲೆ ರುಬ್ಬುವ ಗುಂಡನ್ನು ಹೇರುತ್ತಿದ್ದರು. ಆ ರಾತ್ರಿಯೂ ಮರುದಿನ ಪೂರ್ತಿಯೂ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಮದುವೆಯಾದ ಮೊದಲ ವರ್ಷ, ಇಷ್ಟು ಒಳ್ಳೆಯ ಬಿಸಿಲನ್ನು ಹಾಳು ಮಾಡುತ್ತಾರಲ್ಲ ಎಂದು ಒಳಗೊಳಗೇ ನಕ್ಕಿದ್ದೆ. ನಾಲ್ಕನೆಯ ಬೆಳಿಗ್ಗೆ ಅವರು ನನ್ನ ಕೈ ಹಿಡಿದು ಗೋಣಿಯ ಒಳಮೈಗೆ ಒತ್ತಿದರು: ಅದು ತಣ್ಣಗೆ, ಒದ್ದೆಯಾಗಿತ್ತು, ಟಕ್ಕೆನ್ನುತ್ತಿದ್ದ ಮೀನು ಬೆವರಿ ಮೆದುವಾಗಿತ್ತು. ಬೆನ್ನುಮೂಳೆಯ ಬಳಿಯ ನೀರು ಹೊರಗೆ ಬರಲು ಅಷ್ಟು ಹೊತ್ತು ಬೇಕು. ಆಮೇಲೆ ಇನ್ನೆರಡು ಬಿಸಿಲು ಕೊಡಿ. ದಪ್ಪ ಮೀನಾದರೆ ಮತ್ತೊಮ್ಮೆ ಪೇರಿಸಿ. ಬೆನ್ನಿನ ದಪ್ಪ ಭಾಗಕ್ಕೆ ಉಗುರು ಊರಿದಾಗ ಗುರುತು ಬೀಳಬಾರದು. ಸಿಗಡಿಗೆ ಈ ರಗಳೆಯಿಲ್ಲ, ಬಿಸಿಲಿಗೆ ಗರಿಗರಿಯಾದರೆ ಸಾಕು. ಅಂದ ಹಾಗೆ, ಅದೇ ಅಂಗಳದಲ್ಲಿ ಮೆಣಸು ಒಣಗಿಸುವವರು ಗಾಳಿ ಬೀಸುವ ಕಡೆ ನೋಡಿ ದೂರದಲ್ಲಿ ಹರಡಿ, ತೊಟ್ಟು ಕೀಳಬೇಡಿ. ವರ್ಷವಿಡೀ ಪಾಯಸದ ದಿನದ ಸಾರಿಗೂ ಮೀನಿನ ವಾಸನೆ ಬಂದರೆ ನನ್ನನ್ನು ದೂರಬೇಡಿ.

ತುಂಬುವಾಗಲೂ ಅವಸರ ಬೇಡ. ಬಿಸಿಲಿನಿಂದ ತಂದ ಬಿಸಿಮೀನನ್ನು ಮುಚ್ಚಿಟ್ಟರೆ ಮುಚ್ಚಳದಲ್ಲಿ ನೀರು ಕಟ್ಟುತ್ತದೆ. ಒಂದೇ ದೊಡ್ಡ ಭರಣಿಗೆ ಸುರಿದರೆ ತೆರೆದಾಗಲೆಲ್ಲ ಮಳೆಯ ಥಂಡಿ ಒಳಹೊಕ್ಕುತ್ತದೆ, ಮೊದಲ ಹದಿನೈದು ದಿನ ಎಲ್ಲರೂ ಬಾಚಿ ತಿಂದು ಜುಲೈ ಮಧ್ಯಕ್ಕೆ ಶುರುವಾಗುವ ಆಟಿ ತಿಂಗಳಿಗೆ ತಳ ಕಾಣುತ್ತದೆ. ಆಗ ಬಟ್ಟಲಲ್ಲಿ ಚೂರೂ ಉಳಿಯದೆ ಬರಿಯ ಸಾರು ಸುರಿದುಕೊಳ್ಳುವವಳು ಕೊನೆಗೆ ಊಟಕ್ಕೆ ಕೂರುವ ಹೆಂಗಸೇ. ವಾರಕ್ಕೊಂದರಂತೆ ಒಂಬತ್ತು ಪೊಟ್ಟಣ ಕಟ್ಟಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ. ಒಂದು ಹಿಡಿ ಸಿಗಡಿ ಹುರಿದು ತೆಂಗಿನಕಾಯಿಯೊಂದಿಗೆ ಅರೆದರೆ ಮನೆಮಂದಿಯ ಗಂಜಿ ಒಳಗೆ ಹೋಗುತ್ತದೆ. ಮನೆಯ ಮಾಡಿಗೆ ತೂಗು ಕಟ್ಟಿದ ಸೌತೆಕಾಯಿ ಇದ್ದರೆ ನಾಲ್ಕು ನಂಗಿಗೇ ಒಂದು ಪಾತ್ರೆ ಸಾರು ಒದಗುತ್ತದೆ. ಉಪ್ಪುಮೀನನ್ನು ನೆನೆಸಿ, ನೀರು ಚೆಲ್ಲಿಯೇ ಬೇಯಿಸಿ. ಮನೆಯಲ್ಲಿ ರಕ್ತದೊತ್ತಡದವರಿದ್ದರೆ ಅವರಿಗೆ ಉಪ್ಪು ಹಾಕದೆ ಒಣಗಿಸಿದ ಸಿಗಡಿಯೇ ಇರಲಿ.

ಆಗಸ್ಟ್ 1ಕ್ಕೆ ನಿಷೇಧ ಮುಗಿದರೂ ಕಡಲು ಕೆರಳಿದ್ದರೆ ಬೋಟು ಇಳಿಯುವುದಿಲ್ಲ. ಅದಕ್ಕೆ ಹತ್ತನೆಯ ಪೊಟ್ಟಣವನ್ನೂ ಕಟ್ಟಿ, ಎಲ್ಲಿಟ್ಟಿದ್ದೀರೆಂದು ಮನೆಯ ಗಂಡಸರಿಗೆ ಹೇಳಬೇಡಿ.