ಥೇಮ್ಸ್ ದಂಡೆಯಲ್ಲಿ ಅನ್ನ ಸಾರು: ನನ್ನ 78 ಭಾನುವಾರಗಳ ದಾಸೋಹ

"ಅನ್ನ ಹಾಕಿದರೆ ತಿಂದು ಹೋಗುತ್ತಾರೆ. ಬಸವಣ್ಣ ಯಾರು ಎಂದು ಒಬ್ಬನೂ ಕೇಳುವುದಿಲ್ಲ." ಲಂಡನ್ನಿನ ನಮ್ಮ ಬಳಗದ ಹಿರಿಯರೊಬ್ಬರು 2022ರ ಚಳಿಗಾಲದಲ್ಲಿ ಹೀಗೆ ಹೇಳಿದ್ದರು. ತಿಪಟೂರಿನಿಂದ ಅಪ್ಪನ ಫೋನು ಬಂದರೆ ಅವರದೂ ಇದೇ ರಾಗ: "ಸೇವೆ ಮಾಡುವ ಮನಸ್ಸಿದ್ದರೆ ಮಠಕ್ಕೆ ಬಂದು ಮಾಡಪ್ಪ. ಓದಲು ಹೋದವನು ಓದು." ಈಗ ಅದೇ ಹಿರಿಯರು, ನಾನು ಲಂಡನ್ನಿನಲ್ಲಿ ಶುರುಮಾಡಿದ ಭಾನುವಾರದ ಊಟದ ಪಂಕ್ತಿಗೆ ಮಧ್ಯಾಹ್ನ ಈರುಳ್ಳಿ ಹೆಚ್ಚುತ್ತಾರೆ. ಹೊರದೇಶಕ್ಕೆ ಹೊರಟಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಮೇಲಿಂದ ಮೇಲೆ ಕೇಳುತ್ತಿರುವುದರಿಂದ, ನಾನು ಏನೇನು ಮಾಡಿದೆ ಎಂಬುದನ್ನು ಬರೆದಿಡುತ್ತಿದ್ದೇನೆ. ದಾಸೋಹವೆಂದರೇನು, ಕಾಯಕವೆಂದರೇನು ಎಂದು ನಿಮಗೆ ವಿವರಿಸಬೇಕಿಲ್ಲ.

ನಾನು ಎಂಟನೇ ತರಗತಿಯಿಂದ ಪಿಯುಸಿವರೆಗೆ ಸಿದ್ಧಗಂಗೆಯಲ್ಲಿ ಓದಿದವನು. ಸಾವಿರಾರು ಮಕ್ಕಳು ಜಾತಿಯ ಹಂಗಿಲ್ಲದೆ ಸಾಲಾಗಿ ಕೂತು ಉಣ್ಣುವುದನ್ನು ದಿನವೂ ಕಂಡವನು. ಆದರೂ ಲಂಡನ್ನಿಗೆ ಹೋದ ಕೂಡಲೇ ನನಗೆ ಹೊಳೆದದ್ದು ಊಟವಲ್ಲ, ಭಾಷಣ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಥೇಮ್ಸ್ ನದಿಗೆ ತಾಗಿದಂತೆ ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದ್ದು. ಮೊದಲ ತಿಂಗಳಲ್ಲೇ ಅಲ್ಲಿಗೆ ಹೋಗಿ ನಿಂತೆ. ಓಡುವವರು, ನಾಯಿ ಹಿಡಿದು ನಡೆಯುವವರು, ಯಾರೂ ತಲೆಯೆತ್ತಿ ನೋಡಲಿಲ್ಲ. ಇವರಿಗೆ ಹೇಳಲೇಬೇಕು ಎಂಬ ಹಟ ಅಲ್ಲೇ ಹುಟ್ಟಿತು.

ನವೆಂಬರಿನಲ್ಲಿ 60 ಪೌಂಡ್ ಬಾಡಿಗೆ ಕೊಟ್ಟು ಸಭಾಂಗಣ ಹಿಡಿದು, ವಚನಗಳ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿದೆ. ನಲವತ್ತು ಕುರ್ಚಿ, ಏಳು ಜನ. ಅವರಲ್ಲಿ ಐವರು ನಮ್ಮವರೇ. ಆಮೇಲೆ ವಚನದ ಅನುವಾದವಿರುವ ಐನೂರು ಚೀಟಿಗಳನ್ನು 38 ಪೌಂಡಿಗೆ ಅಚ್ಚು ಹಾಕಿಸಿ, ಒಂದು ಸಂಜೆ ಊಟದ ಡಬ್ಬಿಗಳ ಮೇಲಿಟ್ಟು ವಾಟರ್ಲೂ ನಿಲ್ದಾಣದ ಸುತ್ತ ಹಂಚಿದೆ. ಮರುದಿನ ಬೆಳಿಗ್ಗೆ ಅದೇ ದಾರಿಯಲ್ಲಿ ಹೋದರೆ ಚೀಟಿಗಳು ಪಾದಚಾರಿ ದಾರಿಯಲ್ಲಿ ಒದ್ದೆಯಾಗಿ ಅಂಟಿಕೊಂಡಿದ್ದವು. ಬಸವಣ್ಣನವರ ಮುಖದ ಮೇಲೆ ಬೂಟಿನ ಗುರುತು. ಮಂಡಿಯೂರಿ ಸುಮಾರು ಅರವತ್ತನ್ನು ಕೆರೆದು ತೆಗೆದೆ. ಆ ದಿನ ಪಟ್ಟ ಸಂಕಟ ಇವತ್ತಿಗೂ ಮರೆತಿಲ್ಲ. ಎಸೆದವರ ತಪ್ಪೇನೂ ಇರಲಿಲ್ಲ. ಹಸಿದವನ ಕೈಗೆ ಕಾಗದ ತುರುಕಿದವನು ನಾನು.

ದಾರಿ ತೋರಿಸಿದ್ದು ಒಂದು ಗುರುದ್ವಾರ. ಎರಡು ತಿಂಗಳು ಅಲ್ಲಿನ ಲಂಗರಿನಲ್ಲಿ, ಅಂದರೆ ಸಿಖ್ಖರ ಉಚಿತ ಊಟದ ಮನೆಯಲ್ಲಿ, ಪಾತ್ರೆ ತೊಳೆದೆ. ಯಾರೂ ನನಗೆ ತಮ್ಮ ಧರ್ಮದ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಬಡಿಸಿದವರೇ ಪಕ್ಕದಲ್ಲಿ ಕೂತು ಉಂಡರು. ಮೂರನೇ ವಾರ ಗುರುನಾನಕರ ಬಗ್ಗೆ ನಾನಾಗಿಯೇ ಕೇಳಿದೆ! ಬಸ್ಸಿನಲ್ಲಿ ವಾಪಸ್ಸು ಬರುವಾಗ ಅದು ಮನಸ್ಸಿಗೆ ತಟ್ಟಿತು. ಮಠದಲ್ಲಿ ಐದು ವರ್ಷ ಪಂಕ್ತಿಯಲ್ಲಿ ಕೂತು ಕಲಿತದ್ದನ್ನು ನಾನು ಡಬ್ಬಿಗೆ ತುಂಬಿ ಹಂಚಲು ಹೊರಟಿದ್ದೆ. ಡಬ್ಬಿ ಕೊಟ್ಟರೆ ಮನುಷ್ಯ ಹೊರಟುಹೋಗುತ್ತಾನೆ. ಜೊತೆಗೆ ಕೂತು ಉಂಡರೆ ಮಾತು ತಾನಾಗಿ ಬರುತ್ತದೆ.

2023ರ ಮಾರ್ಚಿನಲ್ಲಿ ಶುರು ಮಾಡಿದೆ. ಜಾಗಕ್ಕೆ ಅಲೆದದ್ದೇ ಒಂದು ತಿಂಗಳು. ಕೊನೆಗೆ ಒಪ್ಪಿದ್ದು ಒಂದು ಚರ್ಚು. ಅದರ ಸಭಾಂಗಣ, ಅಡುಗೆಮನೆ ಎರಡೂ ಸೇರಿ ಗಂಟೆಗೆ 12 ಪೌಂಡ್. ನಾಲ್ಕು ತಿಂಗಳು ನೋಡಿ ಪಾದ್ರಿಗಳೇ ಬಾಡಿಗೆ ಬಿಟ್ಟುಕೊಟ್ಟರು. ಎರಡು ದೊಡ್ಡ ಪಾತ್ರೆ, ಬಿಸಿ ಉಳಿಸುವ ಎರಡು ಡಬ್ಬ, ಸೌಟು, ತಟ್ಟೆ ಎಲ್ಲ ಸೇರಿ 340 ಪೌಂಡ್ ಆಸುಪಾಸು ಆಯಿತು. ಅರವತ್ತು ಜನಕ್ಕೆ ಆರು ಕಿಲೋ ಅಕ್ಕಿ, ಎರಡೂವರೆ ಕಿಲೋ ತೊಗರಿಬೇಳೆ, ಐದು ಕಿಲೋ ತರಕಾರಿ. ತಟ್ಟೆಗೆ ಎಂಬತ್ತು, ಎಂಬತ್ತೈದು ಪೆನ್ನಿ ಬೀಳುತ್ತಿತ್ತು. ವಾರಕ್ಕೆ ಐವತ್ತು ಪೌಂಡ್ ಎಂದರೆ ಆಗಿನ ನಮ್ಮ ಲೆಕ್ಕದಲ್ಲಿ ಐದು ಸಾವಿರ ರೂಪಾಯಿ. ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ದುಡಿದ ವಿದ್ಯಾರ್ಥಿಗೆ ಅದು ಹಗುರದ ಮೊತ್ತವಲ್ಲ. ಆರು ತಿಂಗಳ ನಂತರ ಅಕ್ಕಿ ಪುಕ್ಕಟೆ ಸಿಗತೊಡಗಿತು. ಯಾರ ಬಳಿ ಹೋಗಿ ಹೇಗೆ ಕೇಳಿದೆ ಎಂಬುದನ್ನು ನನ್ನ ನಂತರ ನಡೆಸುತ್ತಿರುವ ಹುಡುಗರಿಗೆ ಮಾತ್ರ ಹೇಳಿದ್ದೇನೆ.

ವಿದ್ಯಾರ್ಥಿ ವೀಸಾದವರು ಒಂದು ಮಾತು ಗಮನಿಸಬೇಕು. ಅಲ್ಲಿನ ನಿಯಮದಲ್ಲಿ ಸ್ವಯಂಸೇವೆ ಬೇರೆ, ಸಂಬಳವಿಲ್ಲದ ಕೆಲಸ ಬೇರೆ. ಎರಡನೆಯದು, ತರಗತಿಗಳಿರುವ ದಿನಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಮಾತ್ರ ದುಡಿಯಬಹುದೆಂಬ ಮಿತಿಗೆ ಸೇರುತ್ತದೆ. ಯಾವುದಾದರೂ ಸಂಸ್ಥೆಗೆ ಸೇರಿಕೊಳ್ಳುವ ಮುಂಚೆ ನಿಮ್ಮದು ಯಾವುದು ಎಂದು ವಿಶ್ವವಿದ್ಯಾಲಯದಲ್ಲಿ ಕೇಳಿಕೊಳ್ಳಿ. ವಾರವಾರವೂ ಊಟ ಹಾಕುವುದಾದರೆ ಸ್ಥಳೀಯ ಆಡಳಿತದಲ್ಲಿ 28 ದಿನ ಮೊದಲೇ ನೋಂದಣಿ ಮಾಡಿಸಬೇಕು. ನಾನು ಮಾಡಿಸಿರಲಿಲ್ಲ. ಎರಡನೇ ಭಾನುವಾರವೇ ನಿಲ್ಲಿಸಬೇಕಾಯಿತು. ಬೇಯಿಸಿದ್ದನ್ನೆಲ್ಲ ಹೊತ್ತು ಕೋಣೆಗೆ ತಂದು, ಕೆಳಗಿನ ಮಹಡಿಯ ಹುಡುಗರನ್ನು ಕರೆದು ಬಡಿಸಿದೆ. ನೋಂದಣಿ ಮುಗಿದ ಮೇಲಿನಿಂದ ಎಣಿಸಿದರೆ 78 ಭಾನುವಾರ. ಒಂದೂ ತಪ್ಪಲಿಲ್ಲ. ಕ್ರಿಸ್ಮಸ್ ಹಿಂದಿನ ದಿನವೂ ಒಲೆ ಹೊತ್ತಿತು.

ಅಲರ್ಜಿ ತರುವ ಪದಾರ್ಥಗಳು ಹದಿನಾಲ್ಕು ಎಂದು ಅಲ್ಲಿ ಪಟ್ಟಿಯಿದೆ. ಅದರಲ್ಲಿ ಸಾಸಿವೆಯೂ ಇದೆ! ಒಬ್ಬ ಹೆಂಗಸು ತಟ್ಟೆ ಕೈಗೆ ತೆಗೆದುಕೊಂಡವರು "ಇದರಲ್ಲಿ ಸಾಸಿವೆ ಇದೆಯೇ?" ಎಂದು ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ಒಗ್ಗರಣೆ ತುಂಬ ಅದೇ. ಅಂದಿನಿಂದ ಒಂದು ಪಾತ್ರೆಗೆ ಬರೀ ಜೀರಿಗೆ, ಕರಿಬೇವಿನ ಒಗ್ಗರಣೆ. ಇಂಗನ್ನು ಪೂರ್ತಿ ಬಿಟ್ಟೆ. ಅಂಗಡಿಯ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ ಒಂದೇ. ಬಣ್ಣ ಬರುತ್ತದೆ, ಬಾಯಿ ಸುಡುವುದಿಲ್ಲ. ಸಾರಿನ ಪುಡಿಗೆ ಕೊನೆಯಲ್ಲಿ ಹುರಿದು ಹಾಕುವ ಇನ್ನೊಂದು ಪದಾರ್ಥವಿದೆ. ಅದು ನಮ್ಮ ಅಜ್ಜಿಯದು, ಇಲ್ಲಿ ಬರೆಯುವುದಿಲ್ಲ.

ಬಡಿಸುವವರೆಗೆ ಊಟ 63 ಡಿಗ್ರಿಗಿಂತ ಕೆಳಗಿಳಿಯಬಾರದು. ಡಬ್ಬ ಸಾಲದೆ ಬಂದ ದಿನ ಪಾತ್ರೆಗೆ ಎರಡು ಸುತ್ತು ಕಂಬಳಿ ಸುತ್ತಿ ನೋಡಿದೆ. ಎರಡು ಗಂಟೆ ಕಳೆದಾಗ 71 ಇತ್ತು, ನಾಲ್ಕು ಗಂಟೆ ಕಳೆದಾಗ 60ಕ್ಕೆ ಇಳಿದಿತ್ತು. ಅಂದರೆ ಎರಡು ಗಂಟೆಯವರೆಗೆ ಕಂಬಳಿ ಸಾಕು. ಇನ್ನೊಂದು ಪ್ರಯೋಗ ರಾಗಿ ಮುದ್ದೆ. ಬಾಯಿಗಿಟ್ಟವರು ಜಗಿಯತೊಡಗಿದರು, ಹಲ್ಲಿಗೆ ಅಂಟಿತು, ತಟ್ಟೆ ಪಕ್ಕಕ್ಕೆ ಸರಿಯಿತು. ನಾಲ್ಕು ಕಿಲೋ ಹಿಟ್ಟು ದಂಡವಾಯಿತು. ಅದೇ ರಾಗಿಯನ್ನು ಹುರಿಹಿಟ್ಟು ಮಾಡಿ, ಬಿಸಿ ಹಾಲಿಗೆ ಬೆಲ್ಲದೊಡನೆ ಕಲಸಿ ಡಿಸೆಂಬರಿನಲ್ಲಿ ಕೊಟ್ಟೆ. ಎರಡೆರಡು ಲೋಟ ಕೇಳಿ ಕುಡಿದರು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಜಮಖಾನ ಹಾಸಿ, ಮಂಡಿನೋವಿನವರಿಗೆ ಬೆಂಚು ಹಾಕಿ, ಎಲ್ಲರಿಗೂ ಬಡಿಸಿ ಕೊನೆಗೆ ನಾನೂ ಸಾಲಿನಲ್ಲೇ ತಟ್ಟೆ ಹಿಡಿದು ಕೂರುತ್ತಿದ್ದೆ. ಉಣ್ಣುವ ಮುಂಚೆ ಕಣ್ಣುಮುಚ್ಚಿ ಅರ್ಧ ನಿಮಿಷ. ಅಷ್ಟೇ. ಗೋಡೆಯ ಮೇಲೆ ಚಿತ್ರವಿಲ್ಲ, ಕೈಯಲ್ಲಿ ಚೀಟಿಯಿಲ್ಲ. ಐದು ವಾರ ಯಾರೂ ಏನೂ ಕೇಳಲಿಲ್ಲ. ಹಿರಿಯರ ಮಾತೇ ನಿಜವೇನೋ ಎಂದು ನಾನೂ ಅಳುಕಿದ್ದುಂಟು. ಆರನೇ ವಾರ, ಪ್ರತಿ ಸಲ ನನ್ನ ಎಡಗಡೆಯೇ ಕೂರುತ್ತಿದ್ದ ಒಬ್ಬ ಮುದುಕರು ನನ್ನ ಕೊರಳಲ್ಲಿದ್ದ, ಇಷ್ಟಲಿಂಗವಿಡುವ ಪುಟ್ಟ ಕರಡಿಗೆಯತ್ತ ಚಮಚ ತೋರಿಸಿ, "ಅದರಲ್ಲಿ ಏನಿಟ್ಟುಕೊಂಡಿದ್ದೀಯ?" ಎಂದರು.

ಊಟ ಮುಗಿಸಿ ಕೈ ತೊಳೆದು ಬಂದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ತೋರಿಸಿದೆ. ಕಪ್ಪಗೆ, ನುಣ್ಣಗೆ ಇತ್ತು. ಸಭಾಂಗಣದ ದೀಪ ಅದರ ನೆತ್ತಿಯ ಮೇಲೆ ಒಂದು ಚುಕ್ಕಿಯಾಗಿ ಕೂತಿತ್ತು. ಅವರು ಮುಟ್ಟಲಿಲ್ಲ, ಬಗ್ಗಿ ನೋಡಿದರು.

"ನಿಮ್ಮ ದೇವರು ಇಷ್ಟು ಚಿಕ್ಕವನೇ?"

"ನನ್ನ ಕೈಗೆ ಹಿಡಿಸುವಷ್ಟು."

"ಗುಡಿ?"

"ಬೇಕಿಲ್ಲ. ನಾವೇ."

ಮುದುಕರು ಬಹಳ ಹೊತ್ತು ಸುಮ್ಮನಿದ್ದು, ಇದನ್ನು ಹೇಳಿಕೊಟ್ಟವರು ಯಾರು ಎಂದು ಕೇಳಿದರು. ಹನ್ನೆರಡನೇ ಶತಮಾನದ ಕಲ್ಯಾಣದ ಕತೆಯನ್ನು ಮೊದಲ ಬಾರಿಗೆ, ಕೇಳಿದ್ದಕ್ಕಷ್ಟೇ ಉತ್ತರವಾಗಿ, ಹತ್ತು ನಿಮಿಷದಲ್ಲಿ ಹೇಳಿದೆ. ಮುಂದಿನ ವಾರ ಅವರು ಅರ್ಧ ಗಂಟೆ ಮೊದಲೇ ಬಂದು ಜಮಖಾನ ಹಾಸಿದರು. ಅವರು ಚರ್ಚಿಗೆ ಹೋಗುವವರು, ಈಗಲೂ ಹೋಗುತ್ತಾರೆ. ನಾನು ಯಾರ ಧರ್ಮವನ್ನೂ ಬದಲಿಸಲು ಹೋದವನಲ್ಲ. ಮುಂದಿನ ವರ್ಷದ ಬಸವ ಜಯಂತಿಗೆ ನಮ್ಮ ಪಂಕ್ತಿಯ ಹದಿನೈದು ಹದಿನಾರು ಜನ ತಾವಾಗಿಯೇ ಪ್ರತಿಮೆಯ ಬಳಿ ಬಂದಿದ್ದರು. ಹೂವಿಗೆ ಕಾಸು ಕೂಡಿಸಿದ್ದವರೂ ಅವರೇ. ನನ್ನ ಭಾಷಣಕ್ಕೆ ಬಂದ ಹೊರಗಿನವರು ಇಬ್ಬರು ಎಂಬುದನ್ನು ನೆನಪಿಸಿಕೊಳ್ಳಿ.

2024ರ ಕೊನೆಗೆ ತುಮಕೂರಿಗೆ ಮರಳಿದೆ. ಅಷ್ಟರಲ್ಲಿ ನಾಲ್ಕು ಸಾವಿರದ ಮೇಲೆ ತಟ್ಟೆ ಎದ್ದಿದ್ದವು. ನನ್ನ ಜೇಬಿನಿಂದ ಸುಮಾರು 2,000 ಪೌಂಡ್ ಹೋಗಿರಬಹುದು, ಉಳಿದದ್ದು ಬಳಗದವರದು. ಈಗ ಹಾಸನದ ಒಬ್ಬ ಹುಡುಗಿ, ದಾವಣಗೆರೆಯ ಇಬ್ಬರು ಹುಡುಗರು ನಡೆಸುತ್ತಿದ್ದಾರೆ. ಕಳೆದ ವಾರ ಫೋನು ಮಾಡಿದ್ದರು: ಎಪ್ಪತ್ತು ಜನ ಬರುತ್ತಿದ್ದಾರೆ, ಸಾರಿನ ಪುಡಿ ಮುಗಿಯುತ್ತ ಬಂದಿದೆ. ಎರಡು ಕಿಲೋ ಕುಟ್ಟಿಸಿ ಇಟ್ಟಿದ್ದೇನೆ. ಕುಣಿಗಲ್ಲಿನಿಂದ ಸೋಮವಾರ ಹೊರಡುವವರೊಬ್ಬರಿದ್ದಾರೆ, ಅವರ ಕೈಯಲ್ಲಿ ಕಳುಹಿಸಬೇಕು. ಅಪ್ಪ ಪೊಟ್ಟಣದ ಜೊತೆ ಒಂದು ಕಿಲೋ ಕೊಬ್ಬರಿಯನ್ನೂ ಕಟ್ಟಿಟ್ಟಿದ್ದಾರೆ.