ಕವಿಗೋಷ್ಠಿಯನ್ನು ಕೇಳುವುದು, ಚಿತ್ರ ತೆಗೆಯುವುದು ಹೇಗೆ?

ಕಲಬುರಗಿಯಲ್ಲಿ ಸಾಹಿತ್ಯ ಕಾರ್ಯಕ್ರಮವೊಂದು ನಡೆದ ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬರುವ ಚಿತ್ರಗಳನ್ನು ಗಮನಿಸಿ. ಗಣ್ಯರು ದೀಪ ಬೆಳಗುವ ಚಿತ್ರವಿರುತ್ತದೆ, ಬಿಡುಗಡೆಯಾದ ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಸಾಲಾಗಿ ನಿಂತವರ ಚಿತ್ರವಿರುತ್ತದೆ, ಶಾಲು ಹೊದಿಸುವ ಚಿತ್ರವಂತೂ ತಪ್ಪುವುದೇ ಇಲ್ಲ. ಕವಿ ಕವಿತೆ ಓದುತ್ತಿರುವ ಚಿತ್ರ ಮಾತ್ರ ಅಪರೂಪ. ಇದರ ಫಲವಾಗಿ ನಮ್ಮ ಭಾಗದ ಎಷ್ಟೋ ಲೇಖಕರ ಪುಸ್ತಕಗಳ ಬೆನ್ನುಪುಟದಲ್ಲಿ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರವೋ, ಯಾವುದೋ ಗುಂಪುಚಿತ್ರದಿಂದ ಕತ್ತರಿಸಿ ತೆಗೆದ ಮಸುಕು ಮುಖವೋ ಕಾಣಿಸುತ್ತದೆ. ಓದುವ ಗಳಿಗೆಯ ಒಳ್ಳೆಯ ಚಿತ್ರ ತೆಗೆಯುವುದಕ್ಕೆ ದುಬಾರಿ ಕ್ಯಾಮೆರಾಕ್ಕಿಂತ ಮುಖ್ಯವಾಗಿ ಬೇಕಾದದ್ದು ಕವಿತೆಯನ್ನು ಕಿವಿಗೊಟ್ಟು ಕೇಳುವ ಅಭ್ಯಾಸ.

ಯಾವ ಕಾರ್ಯಕ್ರಮ ಆರಿಸಬೇಕು?

ಆಹ್ವಾನ ಪತ್ರಿಕೆಗಳು ಈಗ ಬಹುಪಾಲು ವಾಟ್ಸ್‌ಆ್ಯಪ್‌ನಲ್ಲೇ ಬರುತ್ತವೆ. ದಿನಪತ್ರಿಕೆಯ ಜಿಲ್ಲಾ ಆವೃತ್ತಿಯಲ್ಲಿ ಅಂದಿನ ಕಾರ್ಯಕ್ರಮಗಳ ಪಟ್ಟಿಯೂ ಇರುತ್ತದೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ದಸರಾ ಮತ್ತು ನವೆಂಬರಿನ ರಾಜ್ಯೋತ್ಸವದ ಹೊತ್ತಿಗೆ ಕವಿಗೋಷ್ಠಿಗಳು ಹೆಚ್ಚು. ಆದರೆ ಕಲಿಯಲು ಹೊರಟವರು ದೊಡ್ಡ ವೇದಿಕೆಯಿಂದ ಆರಂಭಿಸದಿರುವುದೇ ಲೇಸು. 2020ರ ಫೆಬ್ರುವರಿ 5ರಿಂದ 7ರವರೆಗೆ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಂಥ ಕಡೆ ಒಬ್ಬೊಬ್ಬ ಕವಿಗೆ ಸಿಗುವುದು ಕೆಲವೇ ನಿಮಿಷ, ವೇದಿಕೆಗೂ ಸಭಿಕರಿಗೂ ನಡುವೆ ಬಹಳ ಅಂತರ. ಅದಕ್ಕಿಂತ ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಕಾರ್ಯಕ್ರಮ, ಕಾಲೇಜಿನ ಕನ್ನಡ ವಿಭಾಗದ ಗೋಷ್ಠಿ, ಭಾನುವಾರದ ಪುಸ್ತಕ ಬಿಡುಗಡೆ ಇಂಥ ಐವತ್ತು ಕುರ್ಚಿಯ ಸಭೆಗಳು ಅನುಕೂಲ. ಕವಿಯ ಮುಖಕ್ಕೆ ಹತ್ತಿರ ಹೋಗಬಹುದು, ಅಡ್ಡ ಬಂದರೆ ಕ್ಷಮೆ ಕೇಳಲೂ ಆಗುತ್ತದೆ.

ಹೋಗುವ ಮುನ್ನ ಆಹ್ವಾನ ಪತ್ರಿಕೆಯಲ್ಲಿರುವ ಕವಿಗಳಲ್ಲಿ ಇಬ್ಬರದಾದರೂ ಕವಿತೆಗಳನ್ನು ಓದಿಕೊಳ್ಳಿ. ಪ್ರವೇಶಕ್ಕೆ ಶುಲ್ಕವಿಲ್ಲದ ಈ ಸಭೆಗಳಲ್ಲಿ, ಮೇಜಿನ ಮೇಲಿಟ್ಟ ಪುಸ್ತಕವೊಂದನ್ನು ದುಡ್ಡು ಕೊಟ್ಟು ಕೊಳ್ಳುವುದು ಒಳ್ಳೆಯ ರೂಢಿ. ಗೌರವ ಪ್ರತಿಗಾಗಿ ಕೈ ಚಾಚುವವರ ಸಂಖ್ಯೆ ನಮ್ಮಲ್ಲಿ ಈಗಾಗಲೇ ಸಾಕಷ್ಟಿದೆ.

ಅನುಮತಿ ಮತ್ತು ನಿಲ್ಲುವ ಜಾಗ

ಆಹ್ವಾನ ಪತ್ರಿಕೆಯಲ್ಲಿ ಹತ್ತೂವರೆ ಎಂದಿದ್ದರೆ ಸಭೆ ಹನ್ನೊಂದೂವರೆಗೆ ಆರಂಭವಾಗಬಹುದು, ಆದರೂ ಹತ್ತಕ್ಕೇ ಹೋಗಿ. ಖಾಲಿ ಸಭಾಂಗಣದಲ್ಲಿ ಮಾಡಬೇಕಾದ ಕೆಲಸವಿದೆ. ಸಂಘಟಕರನ್ನು ಕಂಡು, ಚಿತ್ರ ತೆಗೆಯುವ ಉದ್ದೇಶವನ್ನೂ ಅವುಗಳನ್ನು ಎಲ್ಲಿ ಬಳಸುತ್ತೀರೆಂಬುದನ್ನೂ ತಿಳಿಸಿ ಒಪ್ಪಿಗೆ ಪಡೆಯಿರಿ. ಮಠದಲ್ಲೋ ದರ್ಗಾದ ಆವರಣದಲ್ಲೋ ಕಾರ್ಯಕ್ರಮವಿದ್ದರೆ ಎಲ್ಲಿಯವರೆಗೆ ಕ್ಯಾಮೆರಾ ಒಯ್ಯಬಹುದೆಂದು ಮೊದಲೇ ವಿಚಾರಿಸಬೇಕು.

ಬಳಿಕ ಮೈಕಿನ ಸ್ಥಾನ ನೋಡಿ. ನೇರ ಎದುರಿನಿಂದ ತೆಗೆದರೆ ಮೈಕು ಬಾಯನ್ನು ಮುಚ್ಚುತ್ತದೆ, ಓದುವವರ ಬಾಯಿ ಕಾಣದ ಚಿತ್ರಕ್ಕೆ ಜೀವವಿರುವುದಿಲ್ಲ. ಮೂವತ್ತರಿಂದ ನಲವತ್ತೈದು ಡಿಗ್ರಿ ಪಕ್ಕಕ್ಕೆ ಸರಿದರೆ ಈ ತೊಂದರೆ ತಪ್ಪುತ್ತದೆ. ಯಾವ ಪಕ್ಕಕ್ಕೆ ಎಂಬುದಕ್ಕೂ ಕಾರಣವಿದೆ: ಬಲಗೈ ಬಳಕೆಯವರು ಸಾಮಾನ್ಯವಾಗಿ ಹಾಳೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯನ್ನು ಆಡಿಸುತ್ತಾರೆ, ಆದ್ದರಿಂದ ಕವಿಯ ಬಲಕ್ಕೆ, ಅಂದರೆ ಸಭಿಕರ ಎಡಬದಿಗೆ ನಿಂತರೆ ಹಾಳೆ ಮುಖಕ್ಕೆ ಅಡ್ಡ ಬರುವುದಿಲ್ಲ, ಕೈಯ ಚಲನೆಯೂ ಚಿತ್ರದೊಳಗೆ ಸೇರುತ್ತದೆ. ಕಲಬುರಗಿಯ ಡಾ. ಎಸ್.ಎಂ. ಪಂಡಿತ ರಂಗಮಂದಿರ, ಬೀದರಿನ ಡಾ. ಚನ್ನಬಸವ ಪಟ್ಟದ್ದೇವರ ರಂಗಮಂದಿರದಂಥ ದೊಡ್ಡ ಸಭಾಂಗಣಗಳಲ್ಲಿ ವೇದಿಕೆಯ ಬುಡಕ್ಕೇ ಹೋಗಿ ನಿಂತರೆ ಗದ್ದ ಮತ್ತು ಮೂಗಿನ ಹೊಳ್ಳೆಗಳು ಮಾತ್ರ ಸಿಗುತ್ತವೆ. ಐದಾರು ಸಾಲು ಹಿಂದೆ ಸರಿದು ಜೂಮ್ ಲೆನ್ಸ್ ಬಳಸಬೇಕು.

ಹಿನ್ನೆಲೆಯ ಫ್ಲೆಕ್ಸ್ ಬ್ಯಾನರನ್ನೂ ಈಗಲೇ ನೋಡಿಟ್ಟುಕೊಳ್ಳಿ. ಅದರಲ್ಲಿ ಮುದ್ರಿತರಾದ ರಾಜಕಾರಣಿಯೊಬ್ಬರು ಕವಿಯ ಹೆಗಲ ಮೇಲಿಂದ ನಸುನಗುತ್ತಿರುವ ಚಿತ್ರಗಳು ನಮ್ಮಲ್ಲಿ ಹೇರಳವಾಗಿವೆ. ಎರಡು ಹೆಜ್ಜೆ ಅತ್ತ ಸರಿದರೆ ಅವರನ್ನು ಚೌಕಟ್ಟಿನಿಂದ ಹೊರಗಿಡಬಹುದು. ಯಾರಾದರೂ ಅಡ್ಡವಾದರೆ "ಅಣ್ಣಾರ, ಜರಾ ಬಾಜೂಕ ಸರೀರಿ" ಎಂದು ಮೆಲ್ಲಗೆ ಕೇಳಿದರೆ ಬೇಸರಿಸುವವರು ಕಡಿಮೆ. ನಾಡಗೀತೆಗೆ ಎಲ್ಲರೊಡನೆ ಎದ್ದು ನಿಲ್ಲಿ. ಆ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದು ಓಡಾಡುವುದು ಶೋಭೆಯಲ್ಲ.

ಕ್ಯಾಮೆರಾದ ಹೊಂದಿಕೆ

ಫ್ಲ್ಯಾಶ್ ಬೇಡವೇ ಬೇಡ. ಅದು ಓದುವವರ ಕಣ್ಣು ಕುಕ್ಕಿ ಸಾಲು ತಪ್ಪಿಸುತ್ತದೆ, ಕನ್ನಡಕದ ಗಾಜಿನಲ್ಲಿ ಬಿಳಿ ಕಲೆಯಾಗಿ ಕೂರುತ್ತದೆ. ಫೋಕಸ್‌ಗಾಗಿ ಕ್ಯಾಮೆರಾದ ಮುಂಭಾಗದಲ್ಲಿ ಹೊತ್ತಿಕೊಳ್ಳುವ ಚಿಕ್ಕ ದೀಪವನ್ನೂ ಆರಿಸಿಡಿ. ಹೆಚ್ಚು ಬೆಳಕನ್ನು ಒಳಬಿಡುವ 50 ಎಂ.ಎಂ. ಎಫ್/1.8 ಲೆನ್ಸ್ ಅಗ್ಗದ್ದು, ಸಣ್ಣ ಸಭಾಂಗಣಕ್ಕೆ ಸಾಕು. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವೆಂಬುದನ್ನು ಸೂಚಿಸುವ ಐಎಸ್‌ಒವನ್ನು 1600ರಿಂದ 3200, ಅಗತ್ಯವಿದ್ದರೆ 6400ರವರೆಗೂ ಏರಿಸಲು ಅಂಜಬೇಕಿಲ್ಲ, ಏಕೆಂದರೆ ತುಸು ಕಾಳುಕಾಳಾದ ಚಿತ್ರವನ್ನು ಸರಿಪಡಿಸಬಹುದು, ಅಲುಗಿದ ಚಿತ್ರವನ್ನು ಸರಿಪಡಿಸಲಾಗದು. ತಲೆದೂಗುತ್ತ ಓದುವವರಿಗೆ ಶಟರ್ ವೇಗ ಸೆಕೆಂಡಿನ 1/125, ಕೈ ಬೀಸಿ ಓದುವವರಿಗೆ 1/250 ಇರಲಿ.

ಎಲ್‌ಇಡಿ ದೀಪಗಳ ಕೆಳಗೆ ಕೆಲವು ಚಿತ್ರಗಳಲ್ಲಿ ಅಡ್ಡಪಟ್ಟೆಗಳು ಮೂಡುತ್ತವೆ. ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ, ಕಣ್ಣಿಗೆ ಅದು ತಿಳಿಯುವುದಿಲ್ಲ, ಶಟರ್‌ಗೆ ತಿಳಿಯುತ್ತದೆ. ಪಟ್ಟೆ ಕಂಡರೆ ವೇಗವನ್ನು 1/100ಕ್ಕೆ ಇಳಿಸಿ ನೋಡಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಈ ಪಟ್ಟೆ ಹೆಚ್ಚುವ ಸಂಭವವಿದೆ. ಕವಿಯ ಹಿಂದೆ ಉಜ್ವಲವಾದ ಎಲ್‌ಇಡಿ ಪರದೆಯಿದ್ದರೆ ಮುಖ ಕಪ್ಪಾಗುತ್ತದೆ. ಸ್ಪಾಟ್ ಮೀಟರಿಂಗ್ ಇಟ್ಟು ಮುಖದ ಬೆಳಕನ್ನಷ್ಟೇ ಅಳೆಯಬೇಕು. ಮೊಬೈಲಿನವರು ಪರದೆಯ ಮೇಲೆ ಕವಿಯ ಮುಖವನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಸ್ಥಿರಗೊಳಿಸಲಿ, ಬೆರಳಿನಿಂದ ಹಿಗ್ಗಿಸುವ ಡಿಜಿಟಲ್ ಜೂಮ್ ಬಿಟ್ಟು ನಡೆದು ಹತ್ತಿರ ಹೋಗಲಿ.

ಯಾವಾಗ ಒತ್ತಬೇಕು?

ಈ ಪ್ರಶ್ನೆಗೆ ಉತ್ತರ ಕ್ಯಾಮೆರಾದ ಕೈಪಿಡಿಯಲ್ಲಿಲ್ಲ, ಕವಿತೆಯ ಕಟ್ಟಿನಲ್ಲಿದೆ. ಕಲಬುರಗಿ, ಬೀದರ್, ಯಾದಗಿರಿಯ ಕೇಳುಗರಿಗೆ ಒಂದೇ ವಾರದಲ್ಲಿ ನವ್ಯೋತ್ತರ ಕವಿತೆಯೂ ಗಜಲ್ಲೂ ತತ್ವಪದವೂ ಕಿವಿಗೆ ಬೀಳುವುದುಂಟು, ಒಂದೊಂದರ ನಡೆಯೂ ಬೇರೆ.

ಗಜಲನ್ನು ತೆಗೆದುಕೊಳ್ಳಿ. ಉರ್ದು ಮುಷಾಯರಾಗಳನ್ನು ಕೇಳುತ್ತ ಬಂದ ಈ ಸೀಮೆಯಲ್ಲಿ, ಶಾಂತರಸರು ಕನ್ನಡದಲ್ಲಿ ದಾರಿ ಹಾಕಿಕೊಟ್ಟ ಮೇಲೆ, ಗಜಲ್ ಬರೆಯುವವರು ಅನೇಕರು. ಕವಿಯು ದ್ವಿಪದಿಯ ಮೊದಲ ಸಾಲನ್ನು ಸಾಮಾನ್ಯವಾಗಿ ಎರಡು ಸಲ ಓದುತ್ತಾರೆ. ಮೊದಲ ಸಲ ಓದುವಾಗ ಚೌಕಟ್ಟು ಮತ್ತು ಫೋಕಸ್ ಸರಿಮಾಡಿಕೊಳ್ಳಿ, ಎರಡನೆಯ ಸಲಕ್ಕೆ ಅವರು ಹಾಳೆ ಬಿಟ್ಟು ಸಭೆಯತ್ತ ಕಣ್ಣೆತ್ತುತ್ತಾರೆ, ಆಗ ಒತ್ತಿ. ಎರಡನೆಯ ಸಾಲಿನ ಕೊನೆಗೆ ರದೀಫ್, ಅಂದರೆ ಪ್ರತಿ ದ್ವಿಪದಿಯಲ್ಲೂ ಮರುಕಳಿಸುವ ಪದ, ಬರುತ್ತಿದ್ದಂತೆ ಸಭೆ "ವಾಹ್" ಎನ್ನುತ್ತದೆ, ಅಷ್ಟರಲ್ಲಿ ಕ್ಯಾಮೆರಾವನ್ನು ಕೇಳುಗರತ್ತ ತಿರುಗಿಸಿಟ್ಟಿರಬೇಕು, ಏಕೆಂದರೆ ಎತ್ತಿದ ಕೈಗಳೂ ಅರಳಿದ ಮುಖಗಳೂ ಒಂದೆರಡು ಕ್ಷಣದಲ್ಲಿ ಮೊದಲಿನಂತಾಗುತ್ತವೆ. "ಮುಕರ್ರರ್" ಎಂಬ ಕೂಗು ಬಂದರೆ ನಿಮ್ಮ ಅದೃಷ್ಟ, ಇಡೀ ದ್ವಿಪದಿ ಇನ್ನೊಮ್ಮೆ ಸಿಗುತ್ತದೆ. ಕವಿ ತಮ್ಮ ಕಾವ್ಯನಾಮವನ್ನು ಉಚ್ಚರಿಸಿದರೆಂದರೆ ಕೊನೆಯ ದ್ವಿಪದಿ ಬಂತೆಂದು ತಿಳಿಯಿರಿ. ವಚನಗಳಲ್ಲಿ ಇಂಥದೇ ಸೂಚನೆಯನ್ನು ಅಂಕಿತ ಕೊಡುತ್ತದೆ.

ತತ್ವಪದಗಳ ಬೈಠಕ್ಕಿನ ರೀತಿಯೇ ಬೇರೆ. ಕಡಕೋಳ ಮಡಿವಾಳಪ್ಪನವರ ಪದಗಳನ್ನು ಏಕತಾರಿ, ದಮ್ಮಡಿ, ತಾಳಗಳೊಡನೆ ಹಾಡುವವರು ನೆಲದ ಮೇಲೆ ಕುಳಿತಿರುತ್ತಾರೆ. ನೀವು ನಿಂತು ತೆಗೆದರೆ ತಲೆಯ ರುಮಾಲುಗಳಷ್ಟೇ ಕಾಣುತ್ತವೆ. ಅವರ ಸಮಕ್ಕೆ ಕುಳಿತು, ಹಿಮ್ಮೇಳ ಪಲ್ಲವಿಯನ್ನು ಎತ್ತಿಕೊಳ್ಳುವ ಹೊತ್ತಿಗೆ ಕಾಯಿರಿ, ಎಲ್ಲರ ಬಾಯಿಯೂ ಒಟ್ಟಿಗೆ ತೆರೆದಿರುವುದು ಆಗಲೇ.

ಮುಕ್ತಛಂದದ ಕವಿತೆಗೆ ಇಂಥ ಯಾವ ಸುಳಿವೂ ಇಲ್ಲದ್ದರಿಂದ ಅದೇ ಅತ್ಯಂತ ಕಷ್ಟದ್ದು. ಚರಣದ ನಡುವೆ ಕವಿ ಉಸಿರು ತೆಗೆದುಕೊಳ್ಳುವಾಗ ತಲೆಯೆತ್ತುತ್ತಾರೆ, ಆದರೆ ಆ ಮೌನವೂ ಕವಿತೆಯ ಭಾಗವೇ ಆಗಿರುವುದರಿಂದ ಶಟರ್ ಸದ್ದು ಮಾಡುವ ಕ್ಯಾಮೆರಾದವರು ಆಗ ಕೈ ಬಿಗಿಹಿಡಿಯಬೇಕು. ಮಾತು ಮತ್ತೆ ಆರಂಭವಾದ ಮೊದಲ ಶಬ್ದದ ಮೇಲೆ ಒತ್ತಿದರೆ ಸದ್ದು ಅದರಲ್ಲಿ ಮುಚ್ಚಿಹೋಗುತ್ತದೆ. ಈಚೆಗೆ ಮೊಬೈಲ್ ನೋಡಿ ಓದುವವರು ಹೆಚ್ಚಾಗಿದ್ದಾರೆ. ಪರದೆಯ ನೀಲಿ ಬೆಳಕು ಗದ್ದಕ್ಕೆ ಬಡಿಯುವುದನ್ನು ದೋಷವೆಂದು ಕೆಲವರು ಅಳಿಸುತ್ತಾರೆ, ನನಗದು ಈ ಕಾಲದ ನಿಜವಾದ ಗುರುತಾಗಿ ಹಿಡಿಸುತ್ತದೆ.

ಒಬ್ಬ ಕವಿಗೆ ನಾಲ್ಕೈದು ಚಿತ್ರ ಸಾಕು, ಉಳಿದ ಹೊತ್ತು ಕುಳಿತು ಕೇಳಿ. ಪತ್ರಿಕೆಯ ಛಾಯಾಗ್ರಾಹಕರು ಗಡುವಿನ ಕಾರಣಕ್ಕೆ ಉದ್ಘಾಟನೆ ಮುಗಿಯುತ್ತಿದ್ದಂತೆ ಹೊರಡುತ್ತಾರೆ. ಗೋಷ್ಠಿಯ ಅಧ್ಯಕ್ಷರು ಉಳಿದವರ ಕವಿತೆಗಳ ಬಗ್ಗೆ ಮಾತಾಡಿ ತಮ್ಮದನ್ನು ಓದುವುದು ಕಟ್ಟಕಡೆಗೆ. ಅರ್ಧ ಸಭೆ ಊಟಕ್ಕೆ ಎದ್ದಿರುವ ಆ ಹೊತ್ತಿನ ಚಿತ್ರ ಬೇರೆ ಯಾರ ಬಳಿಯೂ ಇರುವುದಿಲ್ಲ.

ಮನೆಗೆ ಬಂದ ಮೇಲೆ

ಅಂದೇ ಹತ್ತು ಹನ್ನೆರಡು ಚಿತ್ರಗಳನ್ನು ಆರಿಸಿ, ಕವಿಯ ಹೆಸರು, ಊರು, ಕಾರ್ಯಕ್ರಮ, ಸ್ಥಳ, ದಿನಾಂಕಗಳನ್ನು ಕನ್ನಡದಲ್ಲಿ ಬರೆದಿಡಿ. ಹೆಸರಿನ ಮುಂದಿನ ಅಕ್ಷರಗಳನ್ನು ಆಹ್ವಾನ ಪತ್ರಿಕೆ ನಂಬದೆ ಕವಿಯನ್ನೇ ಕೇಳಿ ಖಚಿತಪಡಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರದ ಗುಣಮಟ್ಟ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಕಡತವೇ ತಲುಪುತ್ತದೆ. ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕಾಗುವುದರಿಂದ ಬೆನ್ನುಪುಟದ ಎರಡಿಂಚಿನ ಚಿತ್ರಕ್ಕೂ 600 ಪಿಕ್ಸೆಲ್ ಅಗಲ ಇರಲೇಬೇಕು.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವರೇ; ಆದರೆ ಸಂಘಟಕರು ಹಣ ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಹಕ್ಕು ಅವರದಾಗುತ್ತದೆ. ಕವಿತೆಯ ಹಕ್ಕು ಮಾತ್ರ ಕವಿಯದು. ಹೀಗಾಗಿ ಇಡೀ ಕವಿತೆಯ ವಿಡಿಯೊವನ್ನು ಕೇಳದೆ ಯೂಟ್ಯೂಬಿಗೆ ಹಾಕಬಾರದು. ಗೋಷ್ಠಿಯಲ್ಲಿ ಓದುವ ಕವಿತೆಗಳು ಎಷ್ಟೋ ಸಲ ಇನ್ನೂ ಅಚ್ಚಾಗದವು, ಪತ್ರಿಕೆಗಳು ಕೇಳುವುದು ಬೇರೆಲ್ಲೂ ಪ್ರಕಟವಾಗದ ಕವಿತೆಯನ್ನು. ನಿಮ್ಮ ವಿಡಿಯೊದಿಂದ ಕವಿಗೆ ಆ ಅವಕಾಶ ತಪ್ಪಬಹುದು. ಹಾಳೆಯ ಮೇಲಿನ ಕೈಬರಹ ಓದುವಷ್ಟು ಸ್ಪಷ್ಟವಾಗಿ ಚಿತ್ರದಲ್ಲಿ ಬಂದಿದ್ದರೂ ಹಂಚುವ ಮೊದಲು ಅವರಿಗೆ ತೋರಿಸಿ.