ಎಂಎಲ್ಎ ಕೈಲಿ ಊರಿನ ಕೆಲಸ ಮಾಡಿಸ್ಕೊಳ್ಳೋದು ಹೇಗೆ: ಮನವಿ ಪತ್ರದಿಂದ ವಿಧಾನಸಭೆ ಪ್ರಶ್ನೆ ತನಕ

ಊರಿಗೆ ಎಂಎಲ್ಎ ಬರ್ತಾರೆ ಅಂದ್ರೆ ನಮ್ ಕಡೆ ಇವತ್ತಿಗೂ ಹಬ್ಬನೇ. ಶಾಮಿಯಾನ, ಹಾರ, ಶಾಲು, ಪೇಟ, ಮೈಕಲ್ಲಿ ಉದ್ದುದ್ದ ಸ್ವಾಗತ ಭಾಷಣ, ಆಮೇಲೆ ಸಾಹೇಬ್ರು ಹೊರಡೋ ಟೈಮಿಗೆ ಕಾರ್ ಸುತ್ತ ಜನ ಮುತ್ಕೊಂಡು ಒಬ್ರು "ಸಾರ್ ನಮ್ ರಸ್ತೆ" ಅಂತಾರೆ, ಇನ್ನೊಬ್ರು "ಅಣ್ಣಾ ನಮ್ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟೋಗಿದೆ" ಅಂತಾರೆ, ಅವ್ರು ಎಲ್ಲರಿಗೂ "ಆಯ್ತು ಮಾಡ್ಸೋಣ" ಅಂದು ಕಾರ್ ಹತ್ತುತಾರೆ. ಅವರು ಸುಳ್ಳು ಹೇಳ್ತಾರೆ ಅಂತಲ್ಲ, ಅದೇ ದಿನ ಇನ್ನೂ ನಾಲ್ಕೂರಲ್ಲಿ ಇದೇ ಥರ ಕೇಳಿರ್ತಾರೆ, ಸಂಜೆ ಹೊತ್ತಿಗೆ ಯಾವ ಊರಿನ ಯಾವ ಟಿಸಿ ಅಂತ ಯಾರಿಗೂ ನೆನಪಿರಲ್ಲ. ಅದಕ್ಕೇ ಇದನ್ನ ಬರೀತಿದೀನಿ. ಶಾಸಕರ ಕೈಲಿ ಕೆಲಸ ಆಗೋದು ಪೇಪರ್ ಮೇಲೆ, ಅದೂ ಸರಿಯಾದ ಪೇಪರ್ ಸರಿಯಾದ ಜಾಗಕ್ಕೆ ಹೋದಾಗ. ಪಾರ್ಟಿ ಯಾವುದಾದ್ರೂ ಇರ್ಲಿ, ನೀವು ವೋಟ್ ಹಾಕಿದ್ರೋ ಇಲ್ವೋ ಅದೂ ಬೇಡ, ದಾರಿ ಎಲ್ರಿಗೂ ಒಂದೇ.

ಮೊದಲು ಒಂದು ವಿಷಯ ಬೇರೆ ಮಾಡ್ಕೊಳ್ಳಿ. ವಿಧವಾ ವೇತನ, ವೃದ್ಧಾಪ್ಯ ವೇತನ, ಪಹಣಿ ತಿದ್ದುಪಡಿ, ಜಾತಿ-ಆದಾಯ ಸರ್ಟಿಫಿಕೇಟು ಇವಕ್ಕೆಲ್ಲ ಶಾಸಕರ ಮನೆ ಮುಂದೆ ಬೆಳಗ್ಗೆ ಕ್ಯೂ ನಿಲ್ಲೋದು ಬೇಕಾಗಿಲ್ಲ. ನಾಡಕಚೇರೀಲಿ ಅರ್ಜಿ ಹಾಕಿ, ಸಕಾಲದಡಿ ಬರೋ ಸೇವೆ ಆದ್ರೆ ಇಷ್ಟು ದಿನದಲ್ಲಿ ಕೊಡ್ಲೇಬೇಕು ಅಂತ 2011ರ ಕಾಯ್ದೆನೇ ಇದೆ, ಸ್ವೀಕೃತಿ ನಂಬರ್ ಇಟ್ಕೊಳ್ಳಿ, ತಡ ಆದ್ರೆ ಮೇಲ್ಮನವಿ ಹಾಕಿ. ಸರ್ಕಾರದ ಜನಸ್ಪಂದನ ಹೆಲ್ಪ್‌ಲೈನ್ 1902ಕ್ಕೂ ಕಂಪ್ಲೇಂಟ್ ಕೊಡಬಹುದು. ಮನೇಲಿ ಯಾರಿಗಾದ್ರೂ ದೊಡ್ಡ ಆಪರೇಷನ್ ಆಗಿ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕೋದಿದ್ರೆ ಮಾತ್ರ ಶಾಸಕರ ಶಿಫಾರಸು ಪತ್ರ ತಗೊಳ್ಳಿ, ಅದು ನಿಜವಾಗ್ಲೂ ಅನುಕೂಲ, ಹೋಗುವಾಗ ರೇಷನ್ ಕಾರ್ಡು, ಆಧಾರು, ಆಸ್ಪತ್ರೆ ಬಿಲ್ಲು, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಎಲ್ಲ ಒಂದೇ ಸೆಟ್ ಮಾಡ್ಕೊಂಡು ಹೋಗಿ. ಇದು ಬಿಟ್ಟು ರಸ್ತೆ, ನೀರು, ಶಾಲೆ, ಕೆರೆ, ಬಸ್ಸು ಅಂತ ಇಡೀ ಊರಿಗೆ ಸೇರಿದ್ದೇನಿದೆ, ಅದು ಶಾಸಕರ ಹತ್ರ ಒಯ್ಯೋ ವಿಷಯ.

ಒಯ್ಯೋಕೆ ಮುಂಚೆ ಅದು ಯಾವ ಇಲಾಖೆದು ಅಂತ ತಿಳ್ಕೊಳ್ಳಿ, ಅರ್ಧ ಕೆಲಸ ಇಲ್ಲೇ ಇರೋದು. ಜಿಲ್ಲಾ ಮುಖ್ಯ ರಸ್ತೆ, ರಾಜ್ಯ ಹೆದ್ದಾರಿ ಆದ್ರೆ ಪಿಡಬ್ಲ್ಯುಡಿ. ಹಳ್ಳಿ ಕೂಡು ರಸ್ತೆ ಆದ್ರೆ ಪಂಚಾಯತ್ ರಾಜ್ ಇಂಜಿನಿಯರಿಂಗ್‌ನವರದು. ಅಚ್ಚುಕಟ್ಟು (ಕೆರೆ ನೀರು ಹರಿಯೋ ಜಮೀನು) 40 ಹೆಕ್ಟೇರ್‌ಗಿಂತ ಜಾಸ್ತಿ ಇರೋ ಕೆರೆ ಸಣ್ಣ ನೀರಾವರಿ ಇಲಾಖೆದು, ಅದಕ್ಕಿಂತ ಚಿಕ್ಕದು ಪಂಚಾಯ್ತಿ ಕಡೆದು. ಅಂಗನವಾಡಿ ಕಟ್ಟಡ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಶಾಲಾ ಕೊಠಡಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಆಸ್ಪತ್ರೆ ಟಿಎಚ್ಒ (ತಾಲ್ಲೂಕು ಆರೋಗ್ಯಾಧಿಕಾರಿ). ಗೊತ್ತಾಗ್ಲಿಲ್ಲ ಅಂದ್ರೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರನ್ನ ಕೇಳಿ, ಅವರಿಗೆ ಗೊತ್ತಿರತ್ತೆ. ಎಷ್ಟೋ ಮನವಿ ತಪ್ಪು ಇಲಾಖೆಗೆ ಹೋಗಿ "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅಂತ ಹಿಂಬರಹ ಹಾಕಿಸ್ಕೊಂಡು ವಾಪಸ್ ಬರತ್ತೆ, ಅಷ್ಟರಲ್ಲಿ ಒಂದು ಮಳೆಗಾಲ ಮುಗಿದಿರತ್ತೆ.

ಈಗ ಮನವಿ ಪತ್ರ. ಒಂದು ಪತ್ರಕ್ಕೆ ಒಂದೇ ಕೆಲಸ, ಒಂದೇ ಹಾಳೆ. ನಮ್ಮೂರಿನ ಸಮಸ್ಯೆಗಳು ಅಂತ ಹನ್ನೆರಡು ಪಾಯಿಂಟ್ ಬರೆದ್ರೆ ಅದನ್ನ ಯಾವ ಆಫೀಸಿಗೆ ಕಳಿಸ್ಬೇಕು ಅಂತ ಪಿಎಗೇ ಗೊತ್ತಾಗಲ್ಲ, ಫೈಲಲ್ಲೇ ಕೂರತ್ತೆ. "ವಿಷಯ" ಅನ್ನೋ ಸಾಲಲ್ಲೇ ಎಲ್ಲ ಬರಬೇಕು. "ರಸ್ತೆ ಸರಿಪಡಿಸುವ ಬಗ್ಗೆ" ಅಂತ ಬರೆದ್ರೆ ಪ್ರಯೋಜನ ಇಲ್ಲ. "ನಮ್ಮ ಗ್ರಾಮದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಗೇಟಿನಿಂದ ಹಾಲಿನ ಡೈರಿವರೆಗೆ ಸುಮಾರು 60 ಮೀಟರ್ ತೆರೆದ ಚರಂಡಿಗೆ ಕಾಂಕ್ರೀಟ್ ಮುಚ್ಚಳ ಹಾಕಿಸಿಕೊಡುವ ಬಗ್ಗೆ", ಹಿಂಗೆ ಬರೀರಿ. ಎಲ್ಲಿಂದ ಎಲ್ಲಿಗೆ, ಎಷ್ಟುದ್ದ, ಏನು ಬೇಕು, ಮೂರೂ ಬಂತು, ಇಂಜಿನಿಯರ್ ಬಂದು ಎಸ್ಟಿಮೇಟ್ ಹಾಕೋಕೆ ಇಷ್ಟು ಸಾಕು. ಕೆಳಗೆ ಎಷ್ಟು ಮಕ್ಕಳು ಓಡಾಡ್ತಾರೆ, ಮುಂಚೆ ಯಾರಿಗೆ ಯಾವ ತಾರೀಕು ಅರ್ಜಿ ಕೊಟ್ಟಿದ್ರಿ ಅಂತ ನಾಲ್ಕು ಸಾಲು. ಜೊತೆಗೆ ಎರಡು ಫೋಟೋ, ಗ್ರಾಮಸಭೇಲಿ ಠರಾವು ಆಗಿದ್ರೆ ಅದರ ಕಾಪಿ (ಇದಕ್ಕೆ ತುಂಬಾ ಬೆಲೆ ಇದೆ, ದಯವಿಟ್ಟು ಗ್ರಾಮಸಭೆಗೆ ಹೋಗಿ, ಕುರ್ಚಿ ಖಾಲಿ ಬಿಡ್ಬೇಡಿ), ಊರವರ ಸಹಿ, ಒಂದು ಫೋನ್ ನಂಬರ್. ಸಹಿ ಹಾಕ್ಸುವಾಗ ಊರಿನ ಎಲ್ಲಾ ಕೇರಿಯವರದೂ ಇರ್ಲಿ, ಹೆಣ್ಮಕ್ಕಳದೂ ಇರ್ಲಿ, ನೀರಿನ ವಿಷಯಕ್ಕಂತೂ ಅವರೇ ಮುಂದೆ ನಿಂತು ಮಾತಾಡ್ಲಿ, ಬಿಂದಿಗೆ ಹೊರೋ ಕಷ್ಟ ಅವರಿಗೆ ಗೊತ್ತಿರೋವಷ್ಟು ಗಂಡಸರಿಗೆ ಗೊತ್ತಿಲ್ಲ.

ಕೊಡೋದು ಎಲ್ಲಿ? ಕಾರ್ಯಕ್ರಮದ ವೇದಿಕೆ ಹತ್ರ ಕೊಡೋದಕ್ಕಿಂತ ಶಾಸಕರ ಜನಸಂಪರ್ಕ ಕಚೇರಿಗೆ ಹೋಗಿ, ಇಲ್ಲಾ ಜನತಾ ದರ್ಶನ, ಜನಸ್ಪಂದನ, ಕುಂದುಕೊರತೆ ಸಭೆ ಅಂತ ಮಾಡ್ತಾರಲ್ಲ ಅಲ್ಲಿಗೆ ಹೋಗಿ, ಅಲ್ಲಿ ತಹಶೀಲ್ದಾರ್, ಇಒ (ತಾಲ್ಲೂಕು ಪಂಚಾಯ್ತಿ ಕಾರ್ಯನಿರ್ವಾಹಕ ಅಧಿಕಾರಿ), ಇಂಜಿನಿಯರ್‌ಗಳು ಎಲ್ಲಾ ಎದುರಿಗೇ ಇರ್ತಾರೆ. ಎರಡು ಕಾಪಿ ಒಯ್ಯಿರಿ. ಶಾಸಕರು ಪತ್ರದ ಮೂಲೇಲಿ ಅಡ್ಡಡ್ಡ "ಇಇ, ಪರಿಶೀಲಿಸಿ ಕ್ರಮ ಕೈಗೊಳ್ಳಿ" ಅಂತ (ಇಇ ಅಂದ್ರೆ ಕಾರ್ಯಪಾಲಕ ಇಂಜಿನಿಯರ್) ಬರೆದು ಸಹಿ ಹಾಕ್ತಾರೆ. ಖುಷಿ ಆಗಿ ಅದನ್ನ ಸ್ಟೇಟಸ್‌ಗೆ ಹಾಕ್ಕೊಂಡು ಸುಮ್ನೆ ಆಗ್ಬೇಡಿ. ಆ ಪತ್ರನ ನೀವೇ ಆ ಇಲಾಖೆ ಆಫೀಸಿಗೆ ತಗೊಂಡೋಗಿ ಟಪಾಲ್ ಸೆಕ್ಷನ್‌ನಲ್ಲಿ ಕೊಟ್ಟು ನಿಮ್ಮ ಕಾಪಿ ಮೇಲೆ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸ್ಕೊಳ್ಳಿ. ಆ ನಂಬರ್ ಇದ್ರೆ ಮುಂದಿನ ಸಲ ಹೋದಾಗ "ಯಾವ ಅರ್ಜಿ, ಯಾವಾಗ ಕೊಟ್ರಿ" ಅನ್ನೋ ಮಾತೇ ಬರಲ್ಲ. ಪಿಎ ಜೊತೆ ಮರ್ಯಾದೆಯಿಂದ ಇರಿ, ಶಾಸಕರ ಡೈರಿ ಅವರ ಕೈಲಿರತ್ತೆ.

ದುಡ್ಡು ಎಲ್ಲಿಂದ ಬರತ್ತೆ ಅನ್ನೋದು ಗೊತ್ತಿರ್ಲಿ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ಇದೆ, ಎಂಎಲ್‌ಸಿಗಳಿಗೂ (ವಿಧಾನ ಪರಿಷತ್ ಸದಸ್ಯರಿಗೂ) ಇದೆ. ಆ ದುಡ್ಡು ಅವರ ಕೈಗೆ ಬರಲ್ಲ, ಜಿಲ್ಲಾಧಿಕಾರಿ ಹತ್ರ ಇರತ್ತೆ, ಶಾಸಕರು ಶಿಫಾರಸು ಮಾಡ್ತಾರೆ, ಡಿಸಿ ಮಂಜೂರು ಮಾಡ್ತಾರೆ. 2 ಕೋಟಿ ಅಂದ್ರೆ ದೊಡ್ಡದು ಅನ್ಸತ್ತೆ, ಆದ್ರೆ 2023ರ ಚುನಾವಣೇಲಿ ರಾಜ್ಯದ ಮತದಾರರು ಸುಮಾರು 5.3 ಕೋಟಿ, ಕ್ಷೇತ್ರ 224, ಲೆಕ್ಕ ಹಾಕಿದ್ರೆ ಒಂದು ವೋಟಿಗೆ ನೂರು ರೂಪಾಯಿನೂ ಬೀಳಲ್ಲ. ಹಂಗಾಗಿ ಈ ನಿಧೀಲಿ ಕೇಳ್ಬೇಕಾದ್ದು ಶಾಲಾ ಕೊಠಡಿ, ಬಸ್ ಶೆಲ್ಟರ್, ಬೀದಿ ದೀಪ, ಶುದ್ಧ ಕುಡಿಯೋ ನೀರಿನ ಘಟಕ ಅಂಥ ಸಣ್ಣ, ಸಾರ್ವಜನಿಕ, ಉಳಿಯೋ ಕೆಲಸ. ಹತ್ತು ಕಿಲೋಮೀಟರ್ ರಸ್ತೆ ಇದರಲ್ಲಿ ಆಗಲ್ಲ, ಅದಕ್ಕೆ ಇಲಾಖೆ ಕ್ರಿಯಾ ಯೋಜನೇಲಿ ಸೇರಿಸ್ಬೇಕು. ಜಾಗ ಸಾರ್ವಜನಿಕ ಆಗಿರ್ಬೇಕು, ದಾಖಲೆ ಮೊದಲೇ ರೆಡಿ ಇದ್ರೆ ನಿಮ್ಮ ಕೆಲಸ ಮುಂದೆ ಬರತ್ತೆ. ಈ ವರ್ಷ ಯಾವ್ಯಾವ ಊರಿಗೆ ಎಷ್ಟು ಶಿಫಾರಸು ಆಗಿದೆ ಅಂತ ಡಿಸಿ ಆಫೀಸಿಗೆ ಆರ್‌ಟಿಐ ಹಾಕಿ ಕೇಳಬಹುದು, 10 ರೂಪಾಯಿ ಫೀಸು, ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಅದನ್ನ ಮಾತ್ರ ನೆನಪಿಟ್ಕೊಳ್ಳಿ.

ಗುದ್ದಲಿ ಪೂಜೆ ಬಗ್ಗೆ ಒಂದು ಮಾತು. ಗುದ್ದಲಿ ಪೂಜೆ ಆಯ್ತು ಅಂದ್ರೆ ಕೆಲಸ ಶುರು ಆಯ್ತು ಅಂತ ಜನ ಅನ್ಕೋತಾರೆ, ಹಂಗೇನಿಲ್ಲ. ಆವತ್ತೇ, ಅಲ್ಲೇ, ಇಂಜಿನಿಯರ್ ಸಿಗ್ತಾರಲ್ಲ, ಟೆಂಡರ್ ಆಗಿದ್ಯಾ, ಕಾರ್ಯಾದೇಶ (ವರ್ಕ್ ಆರ್ಡರ್) ಕೊಟ್ಟಿದ್ದೀರಾ, ಎಷ್ಟು ತಿಂಗಳ ಅವಧಿ, ಕಂಟ್ರಾಕ್ಟರ್ ಯಾರು ಅಂತ ಮೆತ್ತಗೆ ಕೇಳಿ ಬರ್ಕೊಳ್ಳಿ. ಯಾರೂ ಬೇಜಾರ್ ಮಾಡ್ಕೊಳಲ್ಲ. ಹಾಗೇ ಆರೋಗ್ಯ ಶಿಬಿರ, ಉದ್ಯೋಗ ಮೇಳ, ಹಕ್ಕುಪತ್ರ ವಿತರಣೆ ಇದ್ದಾಗ ವಯಸ್ಸಾದವರನ್ನ ಕರ್ಕೊಂಡೋಗಿ, ಫೋಟೋ ತೆಗೆಸ್ಕೊಳ್ಳೋಕಲ್ಲ, ಅಲ್ಲಿ ಎಲ್ಲಾ ಇಲಾಖೆ ಟೇಬಲ್ ಹಾಕಿದ್ರೆ ಹತ್ತು ಆಫೀಸು ಅಲೆಯೋದು ತಪ್ಪತ್ತೆ.

ಜನಕ್ಕೆ ಅಷ್ಟಾಗಿ ಗೊತ್ತಿಲ್ಲದೇ ಇರೋದು ತಾಲ್ಲೂಕು ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆ. ಮೂರು ತಿಂಗಳಿಗೊಮ್ಮೆ ಶಾಸಕರ ಅಧ್ಯಕ್ಷತೇಲಿ ಎಲ್ಲಾ ಇಲಾಖೆ ಅಧಿಕಾರಿಗಳು ಕೂತು ಪ್ರಗತಿ ವರದಿ ಕೊಡ್ಬೇಕು. ಡೇಟ್ ತಾಲ್ಲೂಕು ಪಂಚಾಯ್ತಿ ಆಫೀಸಲ್ಲಿ ಗೊತ್ತಾಗತ್ತೆ. ಅದಕ್ಕೆ ಒಂದು ವಾರ ಮುಂಚೆ ನಿಮ್ಮ ಇನ್‌ವರ್ಡ್ ನಂಬರ್ ಸಮೇತ ಒಂದು ಚೀಟಿ ಶಾಸಕರಿಗೆ ಮುಟ್ಟಿಸಿ. ಸಭೇಲಿ ಎಲ್ಲರ ಮುಂದೆ "ಏನ್ರೀ ಆ ಚರಂಡಿ ಅರ್ಜಿ ಏನಾಯ್ತು" ಅಂತ ಕೇಳಿದ್ರೆ ಅದು ನಡಾವಳೀಲಿ ದಾಖಲಾಗತ್ತೆ, ಮುಂದಿನ ಸಭೆಗೆ ಆ ಅಧಿಕಾರಿ ಅನುಪಾಲನಾ ವರದಿ (ಏನು ಕ್ರಮ ತಗೊಂಡ್ರಿ ಅನ್ನೋ ವರದಿ) ಕೊಡ್ಬೇಕಾಗತ್ತೆ. ಬಗರ್ ಹುಕುಂ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡೋ) ಸಮಿತಿಗೂ, ಸರ್ಕಾರಿ ಕಾಲೇಜುಗಳ ಅಭಿವೃದ್ಧಿ ಸಮಿತಿಗೂ ಶಾಸಕರೇ ಅಧ್ಯಕ್ಷರು, ಸಾಗುವಳಿ ಅರ್ಜಿ ಹಾಕಿರೋರು, ಕಾಲೇಜಲ್ಲಿ ಲ್ಯಾಬ್ ಇಲ್ಲ ಅನ್ನೋ ಹುಡುಗ್ರು ಆ ಸಭೆ ಯಾವಾಗ ಕರೀತೀರಿ ಅಂತಲೇ ಕೇಳ್ಬೇಕು.

ಇನ್ನು ವಿಧಾನಸಭೆ ಪ್ರಶ್ನೆ. ನನ್ನ ಪ್ರಕಾರ ಹಳ್ಳಿ ಜನ ಉಪಯೋಗಿಸ್ದೇ ಬಿಟ್ಟಿರೋ ದೊಡ್ಡ ದಾರಿ ಇದು. ನಾವು ಶಾಸಕರನ್ನ ಕಳಿಸಿರೋದೇ ಅಲ್ಲಿಗೆ, ಆದ್ರೆ ಅಲ್ಲಿ ಇದನ್ನ ಕೇಳಿ ಅಂತ ಅವರಿಗೆ ಹೇಳೋರೇ ಕಮ್ಮಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿ ಉತ್ತರ ಕೊಡ್ತಾರೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರತ್ತೆ, ನಮ್ಮಂಥವರ ಕೆಲಸಕ್ಕೆ ಇದೇ ಸಾಕು. ಪ್ರಶ್ನೆ ಹೋದ ತಕ್ಷಣ ಬೆಂಗಳೂರಿನ ಇಲಾಖೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಫೋನ್ ಬರೋಕೆ ಶುರುವಾಗತ್ತೆ, ಎಷ್ಟೋ ದಿನದಿಂದ ಅಲ್ಲಾಡದ ಫೈಲು ಉತ್ತರ ರೆಡಿ ಮಾಡೋಕೋಸ್ಕರ ಆದ್ರೂ ಹೊರಗೆ ಬರತ್ತೆ.

ಪ್ರಶ್ನೆಯ ಕರಡನ್ನ ನೀವೇ ಬರ್ಕೊಂಡೋಗಿ ಕೊಡಿ, ಅವರಿಗೂ ಸುಲಭ. ಅಲ್ಲಿ ನಡೆಯೋ ಧಾಟಿ ಹೀಗಿರತ್ತೆ:

(ಅ) ನಮ್ಮ ತಾಲ್ಲೂಕಿನಲ್ಲಿ ಶಿಥಿಲಗೊಂಡಿರುವ ಸರ್ಕಾರಿ ಶಾಲಾ ಕೊಠಡಿಗಳ ಸಂಖ್ಯೆ ಎಷ್ಟು. (ಶಾಲಾವಾರು ವಿವರ ನೀಡುವುದು)
(ಆ) ಸದರಿ ಕೊಠಡಿಗಳ ದುರಸ್ತಿಗೆ ಕಳೆದ ಮೂರು ವರ್ಷಗಳಲ್ಲಿ ಬಿಡುಗಡೆಯಾದ ಹಾಗೂ ವೆಚ್ಚವಾದ ಅನುದಾನವೆಷ್ಟು;
(ಇ) ಬಾಕಿ ಕೊಠಡಿಗಳ ದುರಸ್ತಿಯನ್ನು ಯಾವ ಕಾಲಮಿತಿಯೊಳಗೆ ಪೂರ್ಣಗೊಳಿಸಲಾಗುವುದು?

"ಸರ್ಕಾರದ ಗಮನಕ್ಕೆ ಬಂದಿದೆಯೇ" ಅಂತ ಮಾತ್ರ ಕೇಳಿದ್ರೆ "ಬಂದಿದೆ" ಅಂತ ಒಂದೇ ಪದದ ಉತ್ತರ ಬರತ್ತೆ, "ಯಾವಾಗ ಮಾಡ್ತೀರಿ" ಅಂದ್ರೆ "ಅನುದಾನದ ಲಭ್ಯತೆಗನುಗುಣವಾಗಿ ಕ್ರಮವಹಿಸಲಾಗುವುದು" ಅಂತ ಬರತ್ತೆ. ಅದಕ್ಕೇ ಸಂಖ್ಯೆ, ಶಾಲಾವಾರು ವಿವರ, ಬಿಡುಗಡೆ ಆದ ದುಡ್ಡು, ಖರ್ಚಾದ ದುಡ್ಡು ಬೇರೆ ಬೇರೆ ಕೇಳಿ. ಬಸ್ಸಿನ ವಿಷಯ ಆದ್ರೂ ಅಷ್ಟೇ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ (ಹೆಣ್ಮಕ್ಕಳಿಗೆ ಉಚಿತ ಬಸ್ ಪ್ರಯಾಣ) ಬಂದ್ಮೇಲೆ ಹೆಣ್ಮಕ್ಕಳ ಓಡಾಟ ಜಾಸ್ತಿ ಆಗಿದೆ, ಬೆಳಗ್ಗೆ ಕಾಲೇಜ್ ಟೈಮಿಗೆ ನಮ್ಮ ಡಿಪೋದಲ್ಲಿ ಎಷ್ಟು ಶೆಡ್ಯೂಲ್ ಇದೆ, ಎಷ್ಟು ಡ್ರೈವರ್ ಹುದ್ದೆ ಖಾಲಿ ಇದೆ ಅಂತ ಕೇಳಿ, "ಬಸ್ ಬಿಡಿ" ಅಂತ ಬರೀ ಬೇಡಿಕೆ ಇಟ್ರೆ ಉತ್ತರ ತೇಲಿಸಿ ಬರತ್ತೆ.

ಟೈಮ್ ಮುಖ್ಯ. ಪ್ರಶ್ನೆಗೆ ಸಾಕಷ್ಟು ದಿನ ಮುಂಚೆ ಸೂಚನೆ ಕೊಡ್ಬೇಕು, ಅಧಿವೇಶನ ಶುರುವಾದ್ಮೇಲೆ ಹೋದ್ರೆ ಆಗಲ್ಲ. ಬಜೆಟ್ ಅಧಿವೇಶನ ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್ ಕಡೆ, ಮಳೆಗಾಲದ್ದು ಜುಲೈ ಸುಮಾರಿಗೆ, ಚಳಿಗಾಲದ್ದು ಡಿಸೆಂಬರ್‌ನಲ್ಲಿ ಬೆಳಗಾವಿ ಸುವರ್ಣ ವಿಧಾನಸೌಧದಲ್ಲಿ. ಅಧಿವೇಶನ ಕರೀತಾರೆ ಅಂತ ಪೇಪರಲ್ಲಿ ಬಂದ ದಿನಾನೇ ಕರಡು ತಗೊಂಡು ಹೋಗಿ. ಅರ್ಜೆಂಟ್ ವಿಷಯ ಆದ್ರೆ ಶೂನ್ಯ ವೇಳೆ (ಸದನದಲ್ಲಿ ತುರ್ತು ವಿಷಯ ಎತ್ತೋ ಹೊತ್ತು) ಇದೆ, ಗಮನ ಸೆಳೆಯುವ ಸೂಚನೆ ಇದೆ. ಉಪಸಭಾಧ್ಯಕ್ಷರ ಅಧ್ಯಕ್ಷತೆಯ ಅರ್ಜಿಗಳ ಸಮಿತಿಗೂ ಶಾಸಕರ ಮೂಲಕ ಊರಿನವರ ಅರ್ಜಿ ಒಪ್ಪಿಸಬಹುದು. ನಿಮ್ಮ ಶಾಸಕರು ಮಂತ್ರಿ ಆಗಿದ್ರೆ ಅವರು ಪ್ರಶ್ನೆ ಕೇಳಲ್ಲ, ಆಗ ನಿಮ್ಮ ಭಾಗದ ಎಂಎಲ್‌ಸಿ ಹತ್ರ ಹೋಗಿ, 75 ಜನ ಇದ್ದಾರೆ ಪರಿಷತ್ತಲ್ಲಿ, ಪದವೀಧರರು, ಶಿಕ್ಷಕರು, ಪಂಚಾಯ್ತಿ ಮೆಂಬರ್‌ಗಳು ಆರಿಸಿ ಕಳಿಸಿದವರೂ ಇದ್ದಾರೆ, ಅವರ ಹತ್ರ ಜನ ಹೋಗೋದೇ ಇಲ್ಲ.

ಉತ್ತರ ಬಂದ್ಮೇಲೆ ವಿಧಾನಸಭೆ ವೆಬ್‌ಸೈಟಲ್ಲಿ ಕನ್ನಡದಲ್ಲೇ ಪಿಡಿಎಫ್ ಸಿಗತ್ತೆ, ಪ್ರಿಂಟ್ ತೆಗೀರಿ. ಅದರ ಜೊತೆಗಿರೋ ಅನುಬಂಧ ಪೂರ್ತಿ ಓದಿ, ಅಸಲು ಮಾಹಿತಿ ಅಲ್ಲೇ ಇರತ್ತೆ. ನಿಮ್ಮ ಶಾಲೆ ಹೆಸರೇ ಪಟ್ಟಿಲಿಲ್ಲ ಅಂದ್ರೆ ಬಿಇಒ ಆಫೀಸಿಂದ ಹೋದ ವರದಿನೇ ತಪ್ಪು ಅಂತ, ಮೊದಲು ಅಲ್ಲಿ ಸರಿ ಮಾಡಿಸಿ. ಹೆಸರಿದ್ದು ದುಡ್ಡು ಬಿಡುಗಡೆ ಆಗಿದೆ ಅಂತಿದ್ರೆ ಆ ಹಾಳೆ ಹಿಡ್ಕೊಂಡು ಇಂಜಿನಿಯರ್ ಹತ್ರ ಹೋಗಿ. ಮಂತ್ರಿಗಳು ಸದನದಲ್ಲಿ ಮಾಡ್ತೀವಿ ಅಂತ ಭರವಸೆ ಕೊಟ್ಟಿದ್ರೆ ಅದನ್ನ ನೋಡ್ಕೊಳ್ಳೋಕೆ ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಇದೆ, ಶಾಸಕರಿಗೆ ಅದನ್ನ ನೆನಪು ಮಾಡಿ.

ಈ ಮನವಿ, ಸೀಲ್ ಬಿದ್ದ ಕಾಪಿ, ನಡಾವಳಿ, ಉತ್ತರದ ಪ್ರಿಂಟು ಎಲ್ಲಾ ಊರಿನ ಒಂದು ಫೈಲಲ್ಲಿರ್ಲಿ, ಒಬ್ಬರ ಮನೇಲಲ್ಲ, ಲೈಬ್ರರೀಲೋ ಸಂಘದ ಆಫೀಸಲ್ಲೋ ಇಡಿ. ಚುನಾವಣೆ ನೀತಿ ಸಂಹಿತೆ ಬಂದ್ರೆ ಹೊಸ ಕೆಲಸ ಎಲ್ಲಾ ನಿಂತೋಗತ್ತೆ, ಹಾಗಾಗಿ ಅದಕ್ಕೆ ಮುಂಚೆನೇ ಕಾರ್ಯಾದೇಶ ಆಗೋ ಹಂಗೆ ಬೆನ್ನು ಹತ್ತಿ. ಶಾಸಕರು ಬದಲಾದ್ರೆ ಹೊಸಬರು ಪ್ರಮಾಣವಚನ ತಗೊಂಡು ಊರಿಗೆ ಬಂದ ಮೊದಲ ತಿಂಗಳಲ್ಲೇ ಆ ಫೈಲಿನ ಜೆರಾಕ್ಸ್ ಅವರ ಕಚೇರಿಗೆ ಕೊಟ್ಟು ಇನ್‌ವರ್ಡ್ ನಂಬರ್ ಹಾಕಿಸ್ಕೊಂಡು ಬನ್ನಿ.